ಪುಟ್ಟ ರೈಲು ಏರು ಹತ್ತಬೇಕಾದರೆ



ಕಳೆದ ಮೂರು ಕಂತುಗಳಲ್ಲಿ ನಾವು ಹಲಗೆ ಹಾಸಿದೆವು, ಹಳಿ ಜೋಡಿಸಿದೆವು, ತಂತಿ ಎಳೆದೆವು. ರೈಲು ಸುತ್ತು ಹೊಡೆಯತೊಡಗಿತು. ನಾಲ್ಕು ದಿನ ಮನೆಮಂದಿಗೆಲ್ಲ ಖುಷಿ. ಐದನೇ ದಿನ ಶುರುವಾಗುತ್ತದೆ ನೋಡಿ ಹೊಸ ಆಸೆ. ಬರೇ ಸಪಾಟಿನಲ್ಲಿ ಸುತ್ತಿದರೆ ಏನು ಚೆಂದ? ಒಂದು ಗುಡ್ಡೆ ಬೇಕು, ಒಂದು ಸಂಕ ಬೇಕು, ರೈಲು ಏದುಸಿರು ಬಿಡುತ್ತಾ ಮೇಲೆ ಹತ್ತಬೇಕು!

ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ. ಬ್ರಹ್ಮಾವರದ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಪಾಠಪುಸ್ತಕಗಳನ್ನೆಲ್ಲ ಹಳಿಯ ಅಡಿಗೆ ಇಟ್ಟು ಘಾಟಿ ಮಾಡಿದ್ದಾನೆ. ಪರೀಕ್ಷೆ ಹತ್ತಿರ ಬಂತು, ಓದಲಿಕ್ಕೆ ಒಂದು ಪುಸ್ತಕವೂ ಹೊರಗಿಲ್ಲ." ಬೈಂದೂರಿನ ಏಳನೇ ತರಗತಿಯ ಹುಡುಗಿಯೊಬ್ಬಳದ್ದು ಇನ್ನೊಂದು ಪತ್ರ. ಅವಳ ಸೋದರಮಾವ ದುಬೈಯಿಂದ ಬರುವಾಗ ಎಂಜಿನ್, ನಾಲ್ಕು ಬೋಗಿ ಮತ್ತು ಹಳಿ ಇರುವ ಒಂದು ಸೆಟ್ ತಂದುಕೊಟ್ಟಿದ್ದಾರೆ. ಅವಳೂ ಅಣ್ಣನೂ ಸೇರಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಲೆ 8ರ ಆಕಾರದಲ್ಲಿ ಹಳಿ ಹಾಕಿದ್ದಾರೆ. ನಡುವೆ ಒಂದು ಹಳಿಯ ಮೇಲಿಂದ ಇನ್ನೊಂದು ಹಳಿ ದಾಟಲು ಸಂಕ ಕಟ್ಟಿದ್ದಾರೆ. ಆದರೆ ರೈಲು ಸಂಕದ ಹತ್ತಿರಕ್ಕೂ ಬರುವುದಿಲ್ಲ. ಎಂಜಿನ್ ಅರ್ಧ ದಾರಿಯಲ್ಲೇ ಗಾಲಿ ತಿರುಗಿಸುತ್ತಾ ನಿಲ್ಲುತ್ತದೆ. ಎಂಜಿನ್ನೇ ಹಾಳು ಎಂದು ಅಣ್ಣನ ವಾದ. ಇನ್ನೂ ದೊಡ್ಡ ಎಂಜಿನ್ ಕೊಳ್ಳಬೇಕು ಎಂದು ಯಾವುದೋ ಅಂಗಡಿಯವರ ಸಲಹೆ. ಅಪ್ಪಯ್ಯನ ತೀರ್ಮಾನ ಮಾತ್ರ ಬೇರೆ: "ಮಳೆಗಾಲದ ಒಳಗೆ ಸರಿಯಾಗದಿದ್ದರೆ ಎಲ್ಲ ಕಟ್ಟಿ ಅಟ್ಟಕ್ಕೆ."

ಅಟ್ಟಕ್ಕೆ ಹೋದ ಆಟಿಕೆ ಮತ್ತೆ ಇಳಿದು ಬರುವುದು ಅಪರೂಪ. ಹಾಗಾಗಿ ಈ ವಾರ ಬೇರೆ ವಿಷಯಗಳನ್ನೆಲ್ಲ ಬದಿಗಿಟ್ಟು ಏರಿನ ಲೆಕ್ಕವನ್ನೇ ನೋಡೋಣ. ಕೋಟೇಶ್ವರದ ಕೊಡಿಹಬ್ಬದಲ್ಲಿ ಕೊಂಡ ಬ್ಯಾಟರಿ ರೈಲು ಇರುವವರೂ ಓದಿ, ಲೆಕ್ಕ ಎರಡಕ್ಕೂ ಒಂದೇ.

ಒಂದು ಸ್ಕೇಲಿಗೆ ಎಷ್ಟು?

ನಿಮ್ಮ ಶಾಲೆಯ ಚೀಲದಲ್ಲಿರುವ 30 ಸೆಂ.ಮೀ. ಸ್ಕೇಲನ್ನು ಹೊರಗೆ ತೆಗೆಯಿರಿ. ಅದನ್ನು ಮೇಜಿನ ಮೇಲಿಟ್ಟು ಒಂದು ತುದಿಯನ್ನು 3 ಮಿ.ಮೀ. ಎತ್ತಿದರೆ ಅದು 100ಕ್ಕೆ 1ರ ಏರು. ನೂರು ಹೆಜ್ಜೆ ಮುಂದೆ ಹೋದಾಗ ಒಂದು ಹೆಜ್ಜೆಯಷ್ಟು ಮೇಲೆ ಹೋಗಿರುತ್ತೇವೆ ಎಂದರ್ಥ. 6 ಮಿ.ಮೀ. ಎತ್ತಿದರೆ 50ಕ್ಕೆ 1, ಅಂದರೆ ಶೇಕಡಾ 2. ಇಷ್ಟು ತಿಳಿದರೆ ಸಾಕು. ಇನ್ನು ಮುಂದೆ ನಾವು "ಸ್ಕೇಲಿಗೆ ಎಷ್ಟು ಮಿಲಿಮೀಟರ್" ಎಂದೇ ಮಾತಾಡೋಣ.

ಈ ಸ್ಕೇಲಿನಲ್ಲಿ ನಿಜವಾದ ರೈಲುಗಳನ್ನು ಅಳೆದರೆ ಏನಾಗುತ್ತದೆ?

ನಮ್ಮ ಬಾರ್ಕೂರು, ಕುಂದಾಪುರ, ಬೈಂದೂರು ಸ್ಟೇಷನ್ನುಗಳ ಮೂಲಕ ಹಾದುಹೋಗುವ ಕೊಂಕಣ ರೈಲು ದಾರಿಯಲ್ಲಿ ಏರಿನ ಮಿತಿ 150ಕ್ಕೆ 1. ನಮ್ಮ ಸ್ಕೇಲಿಗೆ ಬರೇ 2 ಮಿ.ಮೀ.! ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 50ಕ್ಕೆ 1, ಅಂದರೆ ಸ್ಕೇಲಿಗೆ 6 ಮಿ.ಮೀ. ದೂಧ್‌ಸಾಗರ್ ಜಲಪಾತದ ಎದುರು ಹಾದುಹೋಗುವ ಕ್ಯಾಸಲ್‌ರಾಕ್ ಘಾಟಿಯಲ್ಲಿ 37ಕ್ಕೆ 1, ಸ್ಕೇಲಿಗೆ 8 ಮಿ.ಮೀ. ಊಟಿಗೆ ಹೋಗುವ ನೀಲಗಿರಿ ರೈಲಿನದ್ದು ಸುಮಾರು 12ಕ್ಕೆ 1, ಸ್ಕೇಲಿಗೆ ಸುಮಾರು 24 ಮಿ.ಮೀ. ಅಲ್ಲಿ ಬರೀ ಗಾಲಿಯ ಹಿಡಿತ ಸಾಲುವುದಿಲ್ಲ. ಎರಡು ಹಳಿಗಳ ನಡುವೆ ಹಲ್ಲಿನ ಹಳಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೆ ಹತ್ತುತ್ತದೆ.

ಈಗ ಬೈಂದೂರಿನ ಮಕ್ಕಳು ಮಾಡಿದ ಏರನ್ನು ಅಳೆಯೋಣ. ಪತ್ರದಲ್ಲೇ ಅಳತೆ ಇತ್ತು: 90 ಸೆಂ.ಮೀ. ದಾರಿಯಲ್ಲಿ 9 ಸೆಂ.ಮೀ. ಎತ್ತರ. ಸ್ಕೇಲಿಗೆ 30 ಮಿ.ಮೀ. ನೀಲಗಿರಿಗಿಂತಲೂ ಕಡಿದು! ಪಾಪದ ಎಂಜಿನ್ ಗಾಲಿ ತಿರುಗಿಸುತ್ತಾ ನಿಂತದ್ದರಲ್ಲಿ ಆಶ್ಚರ್ಯವೇನು?

ಬಸ್ಸು ಹತ್ತುತ್ತದೆ, ರೈಲು ಯಾಕೆ ಹತ್ತುವುದಿಲ್ಲ?

ಬೈಂದೂರಿನಿಂದ ಶಿರೂರಿನ ಕಡೆ ಬಸ್ಸಿನಲ್ಲಿ ಹೋದವರಿಗೆ ಒತ್ತಿನೆಣೆಯ ಏರು ಗೊತ್ತು. ಡ್ರೈವರ್ ಗೇರು ಬದಲಿಸುತ್ತಾರೆ, ಬಸ್ಸು ಹತ್ತಿಬಿಡುತ್ತದೆ. ರಬ್ಬರಿನ ಟೈರು ಡಾಂಬರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ರೈಲಿನದ್ದು ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ, ನುಣುಪಿನ ಮೇಲೆ ನುಣುಪು. ಇದರಿಂದ ಒಂದು ಲಾಭ ಉಂಟು. ಸಪಾಟು ಹಳಿಯ ಮೇಲೆ ಒಂದು ಟನ್ ಭಾರವನ್ನು ನಿಧಾನಕ್ಕೆ ಎಳೆಯಲು ಎರಡು-ಮೂರು ಕಿಲೋ ತೂಕವನ್ನು ಎತ್ತುವಷ್ಟು ಬಲ ಸಾಕು. ಆದರೆ ಏರು ಬಂದ ಕೂಡಲೇ ಲೆಕ್ಕ ತಲೆಕೆಳಗು. 150ಕ್ಕೆ 1ರ ಏರಿನಲ್ಲಿ ಟನ್ನಿಗೆ ಇನ್ನೂ ಆರೂವರೆ ಕಿಲೋಗಿಂತ ಹೆಚ್ಚು ಸೇರುತ್ತದೆ. 50ಕ್ಕೆ 1ರಲ್ಲಿ 20 ಕಿಲೋ, 37ಕ್ಕೆ 1ರಲ್ಲಿ 27 ಕಿಲೋ. ಕಣ್ಣಿಗೆ ಕಾಣದಷ್ಟು ಸಣ್ಣ ಏರು ಕೂಡ ರೈಲಿನ ಕೆಲಸವನ್ನು ಮೂರು ಪಟ್ಟು ಮಾಡುತ್ತದೆ.

ರಾತ್ರಿ ಬೆಂಗಳೂರು ಬಿಟ್ಟು ನಮ್ಮೂರಿಗೆ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ಸನ್ನೇ ನೋಡಿ. ಅದಕ್ಕೆ ಹೆಸರು ಕೊಟ್ಟದ್ದು ಗಂಗೊಳ್ಳಿಯಲ್ಲಿ ಕಡಲು ಸೇರುವ ನಮ್ಮ ಪಂಚಗಂಗಾವಳಿ. ಒಂದೇ ರೈಲು ಎರಡು ಬಗೆಯ ದಾರಿಯಲ್ಲಿ ಬರುತ್ತದೆ. ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ 57 ಸುರಂಗಗಳಿರುವ ಘಾಟಿಯನ್ನು ತೆವಳುತ್ತಾ ಇಳಿಯುತ್ತದೆ. ಅಲ್ಲಿ ವೇಗಕ್ಕೆ ಕಡಿವಾಣ. ಹತ್ತುವ ರೈಲುಗಳಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳನ್ನು ಸೇರಿಸುತ್ತಾರೆ. ಅದೇ ರೈಲು ಕರಾವಳಿಗೆ ಬಂದ ಮೇಲೆ, ಕೊಂಕಣ ರೈಲಿನ ಹಳಿಯಲ್ಲಿ ಯಾರ ಸಹಾಯವೂ ಇಲ್ಲದೆ ಓಡುತ್ತದೆ.

ಕರಾವಳಿಯಲ್ಲಿ ಗುಡ್ಡೆಗಳಿಲ್ಲವೇ? ಬೇಕಾದಷ್ಟಿವೆ. ಹಾಗಾದರೆ ರೈಲು ಹತ್ತದೆ, ಇಳಿಯದೆ ಹೇಗೆ ಹೋಗುತ್ತದೆ? ಗುಡ್ಡೆ ಎದುರಾದರೆ ಕಡಿದರು, ದೊಡ್ಡದಾದರೆ ಸುರಂಗ ಕೊರೆದರು. ಬೈಲು ಬಂದರೆ ಮಣ್ಣು ತುಂಬಿಸಿ ಎತ್ತರಿಸಿದರು, ಹೊಳೆ ಬಂದರೆ ಸೇತುವೆ ಕಟ್ಟಿದರು. ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿ.ಮೀ. ದಾರಿಯಲ್ಲಿ 90ಕ್ಕೂ ಮಿಕ್ಕಿ ಸುರಂಗಗಳು, ಸಣ್ಣದು ದೊಡ್ಡದು ಸೇರಿ ಸುಮಾರು 2,000 ಸೇತುವೆಗಳು. ರತ್ನಾಗಿರಿಯ ಬಳಿ ಕರಬುಡೆ ಸುರಂಗ ಆರೂವರೆ ಕಿ.ಮೀ. ಉದ್ದ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿ.ಮೀ.ಗೂ ಹೆಚ್ಚು. ಇ. ಶ್ರೀಧರನ್ ಅವರ ಮುಂದಾಳ್ತನದಲ್ಲಿ ನಡೆದ ಈ ಕೆಲಸದಲ್ಲಿ ತೋಕೂರು–ಉಡುಪಿ ದಾರಿ 1993ರಲ್ಲೇ ತೆರೆಯಿತು. ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ರಂದು. ಲಾರಿಗಳನ್ನೇ ಬೆನ್ನ ಮೇಲೆ ಹೊತ್ತುಕೊಂಡು ಸುರತ್ಕಲ್ಲಿನಿಂದ ಹೊರಡುವ ರೋ-ರೋ ರೈಲನ್ನು ನೀವು ಗೇಟಿನ ಹತ್ತಿರ ನಿಂತು ನೋಡಿರಬಹುದು. ಅಷ್ಟು ಭಾರ ಸಲೀಸಾಗಿ ಸಾಗುವುದು ಸ್ಕೇಲಿಗೆ 2 ಮಿ.ಮೀ. ಎಂಬ ಆ ಕಟ್ಟುನಿಟ್ಟಿನಿಂದ.

ರೈಲನ್ನು ಹತ್ತಿಸುವುದಕ್ಕಿಂತ ನೆಲವನ್ನೇ ಏರಿಳಿಸುವುದು ಮೇಲು. ನಮ್ಮ ಪ್ಲೈವುಡ್ ಹಲಗೆಗೂ ಇದೇ ಪಾಠ.

ಹಲಗೆಯ ಪರೀಕ್ಷೆ

ಪತ್ರಕ್ಕೆ ಉತ್ತರ ಬರೆದೆ: "ಒಂದು ಭಾನುವಾರ ಎಂಜಿನ್ ಮತ್ತು ಬೋಗಿಗಳನ್ನು ತಂದು ತೋರಿಸಿ." ಅಣ್ಣ, ತಂಗಿ, ಅಪ್ಪಯ್ಯ ಮೂವರೂ ಮರವಂತೆಯ ಕಡಲು ನೋಡುತ್ತಾ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದರು. ರೈಲು ಬಿಸ್ಕತ್ತಿನ ಡಬ್ಬಿಯೊಳಗೆ ಹಳೆ ಸೀರೆಯ ತುಂಡಿನಲ್ಲಿ ಬೆಚ್ಚಗಿತ್ತು.

"ದೂಡ್ರೆ ಹೋತ್ತ್, ಕೈ ಬಿಟ್ರೆ ನಿಂತ್ಕಂತ್ತ್ ಅಜ್ಜಯ್ಯ" ಎಂದಳು ಹುಡುಗಿ.

"ಇಂಜಿನ್ ಸಮ ಇಲ್ಲ" ಎಂದ ಅಣ್ಣ.

ಜಗಲಿಯಲ್ಲಿ ಸರಿಯಾಗಿ ಒಂದು ಮೀಟರ್ ಉದ್ದದ ಹಲಗೆ ಇಟ್ಟೆವು. ಅದರ ಮೇಲೆ ನೇರ ಹಳಿ. ಒಂದು ತುದಿಯ ಅಡಿಗೆ ನೋಟ್‌ಬುಕ್ಕುಗಳನ್ನು ಒಂದೊಂದೇ ಇಡುತ್ತಾ ಹೋದೆವು. ಮೀಟರ್ ಹಲಗೆಯ ಸುಖ ಏನೆಂದರೆ, ತುದಿ ಎಷ್ಟು ಸೆಂಟಿಮೀಟರ್ ಎತ್ತರವೋ ಏರು ಅಷ್ಟು ಶೇಕಡಾ. ಬೇರೆ ಲೆಕ್ಕವೇ ಬೇಡ.

ಎಂಜಿನ್ ಒಂದೇ 12 ಸೆಂ.ಮೀ. ಎತ್ತರಕ್ಕೂ ಹತ್ತಿತು. ಅಣ್ಣನ ಮುಖ ಸಣ್ಣಗಾಯಿತು. "ಇಂಜಿನ್ ಸಮ ಇತ್ತ್ ಮಗಾ" ಎಂದೆ. ಎರಡು ಬೋಗಿ ಕಟ್ಟಿದಾಗ 7 ಸೆಂ.ಮೀ.ವರೆಗೆ ಹೋಯಿತು. ನಾಲ್ಕು ಬೋಗಿ ಕಟ್ಟಿದಾಗ 3 ಸೆಂ.ಮೀ. ದಾಟಿದ ಕೂಡಲೇ ಗಾಲಿ ಜಾರತೊಡಗಿತು. ಹುಡುಗಿ ಮೂರನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಈ ಮೂರು ಅಂಕಿಗಳೇ ಅವರ ರೈಲಿನ ಜಾತಕ.

ನೀವೂ ಈ ಪರೀಕ್ಷೆ ಮಾಡಿ. ನಿಮ್ಮ ಎಂಜಿನ್ ಎಷ್ಟು ಹತ್ತುತ್ತದೆ ಎಂದು ಯಾವ ಪುಸ್ತಕವೂ ಹೇಳಲಾರದು, ಹಲಗೆ ಹೇಳುತ್ತದೆ. ಎರಡು ಮಾತು ನೆನಪಿಡಿ. ಎಂಜಿನ್ ಒಂದನ್ನೇ ಬಿಟ್ಟು ನೋಡಿ ಹಿಗ್ಗಬೇಡಿ, ನೀವು ಓಡಿಸಲಿರುವ ಅಷ್ಟೂ ಬೋಗಿ ಕಟ್ಟಿಯೇ ಪರೀಕ್ಷಿಸಿ. ಪರೀಕ್ಷೆಗೆ ಮೊದಲು ಹಳಿಯನ್ನೂ ಗಾಲಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಗಾಲಿಯಲ್ಲಿ ಎಣ್ಣೆ ಇದ್ದರೆ ಅದು ಏರು ಹತ್ತುವುದಿಲ್ಲ. ಬ್ಯಾಟರಿ ರೈಲಿನವರು ಎಂಜಿನ್ನಿನ ಮೇಲೆ ಎರಡು ನಾಣ್ಯ ಅಂಟಿಸಿ ನೋಡಿ, ಭಾರ ಹೆಚ್ಚಾದರೆ ಹಿಡಿತವೂ ಹೆಚ್ಚುತ್ತದೆ.

ತಿರುವು ಕದಿಯುವ ಬಲ

3 ಸೆಂ.ಮೀ. ಸಿಕ್ಕಿತಲ್ಲ, ಹಾಗಾದರೆ ಶೇಕಡಾ 3ರ ಏರು ಮಾಡಿಬಿಡೋಣ ಎಂದು ಹೊರಡಬೇಡಿ. ನಮ್ಮ ಪರೀಕ್ಷೆ ನಡೆದದ್ದು ನೇರ ಹಳಿಯಲ್ಲಿ. ತಿರುವಿನಲ್ಲಿ ಗಾಲಿಯ ಅಂಚು ಹಳಿಗೆ ಉಜ್ಜುತ್ತದೆ, ಎಳೆತ ಹೆಚ್ಚು ಬೇಕು. ಮಾದರಿ ರೈಲಿನವರ ಅನುಭವದ ಲೆಕ್ಕ ಹೀಗಿದೆ: 32ನ್ನು ತಿರುವಿನ ತ್ರಿಜ್ಯದಿಂದ, ಇಂಚಿನಲ್ಲಿ, ಭಾಗಿಸಿ. 18 ಇಂಚು ತ್ರಿಜ್ಯದ ತಿರುವಿಗೆ ಸುಮಾರು 1.8 ಬರುತ್ತದೆ. ಅಂದರೆ ಆ ತಿರುವು ಸಪಾಟಾಗಿದ್ದರೂ ಎಂಜಿನ್ನಿಗೆ ಶೇಕಡಾ 1.8ರ ಏರು ಹತ್ತಿದಷ್ಟೇ ಆಯಾಸ. ಅದರ ಮೇಲೆ ನಿಜವಾದ ಏರನ್ನೂ ಹೇರಿದರೆ?

ದೊಡ್ಡ ರೈಲಿನ ಎಂಜಿನಿಯರುಗಳೂ ಇದನ್ನು ಬಲ್ಲರು. ನಮ್ಮ ಅಗಲ ಹಳಿಯ ದಾರಿಯಲ್ಲಿ ತಿರುವಿನ ಪ್ರತಿ ಡಿಗ್ರಿಗೆ ಶೇಕಡಾ 0.04ರಷ್ಟು ಏರನ್ನು ಕಡಿಮೆ ಮಾಡುತ್ತಾರೆ. ಕೊಂಕಣ ರೈಲಿನಲ್ಲಂತೂ ತಿರುವುಗಳ ತ್ರಿಜ್ಯಕ್ಕೆ 1,250 ಮೀಟರ್ ಎಂಬ ಅಳತೆ ಇಟ್ಟುಕೊಂಡರು. ನಮ್ಮ ಮಾದರಿ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅದೇ ತಿರುವನ್ನು 87ರಿಂದ ಭಾಗಿಸಿ ಮನೆಯಲ್ಲಿ ಮಾಡಹೊರಟರೆ 14 ಮೀಟರಿಗೂ ಹೆಚ್ಚು ತ್ರಿಜ್ಯ ಬೇಕು. ಚಾವಡಿ, ಅಂಗಳ, ದನದ ಹಟ್ಟಿ ಎಲ್ಲ ಸೇರಿದರೂ ಸಾಲದು! ಆದ್ದರಿಂದ ನಾವು ತಿರುವಿನಲ್ಲಿ ರಾಜಿ ಮಾಡಿಕೊಂಡಿದ್ದೇವೆ. ತಿರುವಿನಲ್ಲಿ ರಾಜಿಯಾದ ಮೇಲೆ ಏರಿನಲ್ಲಿ ಜಿಪುಣರಾಗಲೇಬೇಕು.

ಸಂಕವೋ, ಸ್ಟೇಷನ್ನೋ?

ಈಗ ಮಕ್ಕಳ 8ರ ಆಕಾರಕ್ಕೆ ಬರೋಣ. ಕಾಗದದ ಮೇಲೆ ಲೆಕ್ಕ ಹಾಕಿದೆವು. ಒಂದು ಹಳಿಯ ಮೇಲಿಂದ ಇನ್ನೊಂದು ದಾಟಬೇಕಾದರೆ, ಸಂಕದ ಹಲಗೆಯನ್ನು ತೆಳ್ಳಗೆ ಮಾಡಿದರೂ ಕನಿಷ್ಠ 8 ಸೆಂ.ಮೀ. ಎತ್ತರ ಬೇಕು. ಅವರ ಹಲಗೆಯಲ್ಲಿ 8ರ ಪೂರ್ತಿ ಉದ್ದ ಸುಮಾರು 6 ಮೀಟರ್. ಸಂಕದ ಮೇಲಿಂದ ಹೊರಟು ಸಂಕದ ಅಡಿಗೆ ಬರಲು ಸಿಗುವುದು 3 ಮೀಟರ್. ಸಂಕದ ಹತ್ತಿರ ಸ್ವಲ್ಪ ಸಪಾಟು ಬಿಟ್ಟರೆ ಉಳಿದದ್ದು 2.8 ಮೀಟರ್. 8 ಸೆಂ.ಮೀ.ಯನ್ನು ಅದರಲ್ಲಿ ಹಂಚಿದರೆ ಶೇಕಡಾ 3ಕ್ಕೆ ಹತ್ತಿರ. ಹೆಚ್ಚಿನ ದಾರಿ ತಿರುವಿನಲ್ಲೇ ಇರುವುದರಿಂದ ಎಂಜಿನ್ನಿಗೆ ಅದು ಶೇಕಡಾ 4.7ರಷ್ಟು. ನಾಲ್ಕು ಬೋಗಿಗೆ ಆಗದ ಮಾತು. ಎರಡು ಬೋಗಿಗೆ ಆಗುತ್ತದೆ.

ಇನ್ನೊಂದು ತೊಂದರೆಯೂ ಉಂಟು. ಹಾಗೆ ಮಾಡಿದರೆ ಒಂದು ಸುತ್ತು ಪೂರ್ತಿ ಏರು, ಇನ್ನೊಂದು ಸುತ್ತು ಪೂರ್ತಿ ಇಳಿತ. ಸ್ಟೇಷನ್ ಎಲ್ಲಿ? ಇಳಿಜಾರಿನಲ್ಲಿ ಬಿಟ್ಟ ಬೋಗಿ ತನ್ನಷ್ಟಕ್ಕೆ ಉರುಳಿ ಹೋಗುತ್ತದೆ. ನಿಜವಾದ ರೈಲ್ವೆಯಲ್ಲೂ ಸ್ಟೇಷನ್ ಅಂಗಳದ ಏರು 400ಕ್ಕೆ 1ನ್ನು ಮೀರುವಂತಿಲ್ಲ, 1,200ಕ್ಕೆ 1 ಇದ್ದರೆ ಉತ್ತಮ ಎನ್ನುತ್ತಾರೆ. ನಮ್ಮ ಸ್ಕೇಲಿನಲ್ಲಿ ಅದು ಅಳೆಯಲಿಕ್ಕೂ ಸಿಗದಷ್ಟು ಸಣ್ಣದು.

ಅಣ್ಣನಿಗೆ "ಮೂಕಾಂಬಿಕಾ ರೋಡ್ ಬೈಂದೂರು" ಎಂಬ ಹಳದಿ ಬೋರ್ಡಿನ ಸ್ಟೇಷನ್ ಬೇಕೇ ಬೇಕು. ತಂಗಿಗೆ ಸಂಕ ಬೇಕೇ ಬೇಕು. ಜಗಲಿಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಅಪ್ಪಯ್ಯ ಕೇಳಿದರು, "ಮಾಷ್ಟ್ರೇ, ದೊಡ್ಡ ಇಂಜಿನ್ ತಂದ್ರೆ ಆತ್ತಾ?"

ಎಂಜಿನ್ ದೊಡ್ಡದಾದರೆ ಎಳೆತ ಹೆಚ್ಚೀತು, ಆದರೆ ಉದ್ದದ ಎಂಜಿನ್ 18 ಇಂಚಿನ ತಿರುವಿನಲ್ಲಿ ಹಳಿ ತಪ್ಪುವುದೂ ಉಂಟು ಎಂದೆ. ದುಡ್ಡು ಕೊಟ್ಟು ಹೊಸ ತಾಪತ್ರಯ ಯಾಕೆ? ಬದಲಿಗೆ ಎರಡು ಬೋಗಿ ಬಿಟ್ಟುಬಿಡುವುದಾದರೆ ಇವತ್ತೇ ಸಂಕ ಆಗುತ್ತದೆ ಎಂದೂ ಹೇಳಿದೆ.

ಹುಡುಗಿ ಬೋಗಿಗಳನ್ನು ನೋಡಿದಳು. "ಉಳ್ದ ಎರಡ್ ಬೋಗಿಯರ್ ಎಂತ ಮಾಡುದ್ ಅಜ್ಜಯ್ಯ?"

ಎಷ್ಟು ಒಳ್ಳೆಯ ಪ್ರಶ್ನೆ! ಘಾಟಿ ಬಂತೆಂದು ರೈಲ್ವೆಯವರು ಸುಬ್ರಹ್ಮಣ್ಯದಲ್ಲಿ ಅರ್ಧ ಬೋಗಿಗಳನ್ನು ಬಿಟ್ಟು ಹೋಗುತ್ತಾರೆಯೇ? ಇಲ್ಲ, ಎಂಜಿನ್ ಸೇರಿಸಿ ಎಲ್ಲರನ್ನೂ ಕರೆದೊಯ್ಯುತ್ತಾರೆ. ನಮ್ಮಲ್ಲಿ ಸೇರಿಸಲು ಎಂಜಿನ್ ಇಲ್ಲ. ಎಲ್ಲರನ್ನೂ ಕರೆದೊಯ್ಯಬೇಕಾದರೆ ಏರನ್ನು ತಗ್ಗಿಸಬೇಕು.

ಕೊನೆಗೆ 8ನ್ನು ಬಿಚ್ಚಿ ಮೊಟ್ಟೆಯಾಕಾರ ಮಾಡುವುದೆಂದು ನಿಶ್ಚಯವಾಯಿತು. ಹಳಿಯ ಮೇಲೆ ಹಳಿ ಬೇಡ, ಹೊಳೆಯ ಮೇಲೆ ಹಳಿ ಸಾಕು. ಎದುರಿನ ನೇರ ಹಳಿಯಲ್ಲಿ ಅಣ್ಣನ ಸ್ಟೇಷನ್, ಪೂರ್ತಿ ಸಪಾಟು. ಹಿಂದಿನ ನೇರ ಹಳಿಯ ನಟ್ಟನಡುವೆ ತಂಗಿಯ ಸಂಕ. ರೈಲು ಹತ್ತುವುದು 2 ಸೆಂ.ಮೀ.ಗೂ ಕಡಿಮೆ. ಆದರೆ ಸಂಕದ ಅಡಿಯಲ್ಲಿ ನೆಲವನ್ನು 5 ಸೆಂ.ಮೀ. ಕೆಳಗಿಳಿಸಿದ್ದರಿಂದ, ನೋಡುವವರಿಗೆ ರೈಲು ಸುಮಾರು 7 ಸೆಂ.ಮೀ. ಮೇಲೆ ಇರುವಂತೆ ಕಾಣುತ್ತದೆ. 87ರಿಂದ ಗುಣಿಸಿದರೆ 6 ಮೀಟರ್ ಎತ್ತರದ ಸೇತುವೆ ಆಯಿತು!

ಮಾಡುವ ಕ್ರಮ

1. ಪ್ಲೈವುಡ್ ಮೇಲೆ 5 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಾಸಿ ಫೆವಿಕಾಲಿನಿಂದ ಅಂಟಿಸಿ. ಘಾಟು ವಾಸನೆಯ ಅಂಟು ಹಾಕಿದರೆ ಥರ್ಮಾಕೋಲ್ ಕರಗುತ್ತದೆ, ಬೇಡ. ಸಂಕ ಬರುವಲ್ಲಿ ಸುಮಾರು 20 ಸೆಂ.ಮೀ. ಅಗಲಕ್ಕೆ ಹೊಳೆಯನ್ನು ಪ್ಲೈವುಡ್ ಕಾಣುವವರೆಗೆ ಕಡಿಯಿರಿ. ಬ್ಲೇಡಿನ ಕೆಲಸ ಹಿರಿಯರದ್ದು.

2. ಸ್ಟೇಷನ್ ಮುಗಿದು ತಿರುವು ಶುರುವಾಗುವಲ್ಲಿಂದ ಹಳಿಯ ದಾರಿಯುದ್ದಕ್ಕೂ 30 ಸೆಂ.ಮೀ.ಗೊಂದು ಗುರುತು ಹಾಕಿ. ಎಂಟು ಅಡಿಯ ಹಲಗೆಯಲ್ಲಿ ಹೊಳೆಯವರೆಗೆ ಆರು ಗುರುತುಗಳು ಬರುತ್ತವೆ. ಅವುಗಳ ಎತ್ತರವನ್ನು ಪೆನ್ಸಿಲಿನಲ್ಲಿ ಅಲ್ಲೇ ಬರೆಯಿರಿ: 1, 3, 5, 7, 9, 15 ಮಿ.ಮೀ. ಸಂಕದ ಮೇಲೆ 18. ಗಮನಿಸಿದಿರಾ? ತಿರುವಿನಲ್ಲಿ ಸ್ಕೇಲಿಗೆ 2 ಮಿ.ಮೀ., ನಮ್ಮ ಕೊಂಕಣ ರೈಲಿನಂತೆ. ನೇರ ದಾರಿಗೆ ಬಂದ ಮೇಲೆ 6 ಮಿ.ಮೀ., ಸಕಲೇಶಪುರ ಘಾಟಿಯಂತೆ. ಮೊದಲ ಗುರುತಿಗೆ 1 ಮಾತ್ರ, ಯಾಕೆಂದರೆ ಏರು ತಟ್ಟನೆ ಶುರುವಾಗಬಾರದು. ಸಪಾಟು ಮತ್ತು ಏರು ಸೇರುವಲ್ಲಿ ಮೂಲೆಯಂತೆ ಮುರಿದರೆ ಬೋಗಿಯ ಕೊಂಡಿ ಕಳಚುತ್ತದೆ, ಎಂಜಿನ್ನಿನ ಹೊಟ್ಟೆ ಹಳಿಗೆ ತಾಗುತ್ತದೆ. ಸಂಕದ ಹತ್ತಿರ ಏರು ನಿಧಾನಕ್ಕೆ ಮುಗಿಯುವುದೂ ಇದಕ್ಕೇ.

3. ಎತ್ತರ ಕೊಡಲು ಹಳೆ ಮದುವೆ ಕಾಗದದ ರಟ್ಟು ಸಾಕು. ಹತ್ತು ರಟ್ಟನ್ನು ಒತ್ತಿ ಹಿಡಿದು ದಪ್ಪ ಅಳೆಯಿರಿ, ಹತ್ತರಿಂದ ಭಾಗಿಸಿದರೆ ಒಂದರ ದಪ್ಪ ಸಿಗುತ್ತದೆ. ಬೇಕಾದಷ್ಟು ಒಂದರ ಮೇಲೊಂದು ಅಂಟಿಸಿ ಗುರುತುಗಳ ಮೇಲಿಡಿ. ಅವುಗಳ ಮೇಲೆ ಸನ್‌ಬೋರ್ಡಿನ ಪಟ್ಟಿ, ಪಟ್ಟಿಯ ಮೇಲೆ ಹಳಿ. ನಡುವಿನ ಸಂದಿಯನ್ನು ಥರ್ಮಾಕೋಲ್ ತುಂಡುಗಳಿಂದ ತುಂಬಿಸಿ, ಇಲ್ಲದಿದ್ದರೆ ಪಟ್ಟಿ ಜೋತುಬಿದ್ದು ಹೊಸ ಏರು ಹುಟ್ಟುತ್ತದೆ.

4. ಹಳಿ ಉದ್ದಕ್ಕೆ ಏರಬೇಕು, ಅಡ್ಡಕ್ಕೆ ವಾಲಬಾರದು. ಎರಡು ಹಳಿಗಳ ಮೇಲೆ ಅಡ್ಡಲಾಗಿ ಸ್ಕೇಲಿಟ್ಟು, ಅದರ ಮೇಲೆ ಮೆಲ್ಲಗೆ ಒಂದು ಗೋಲಿ ಇಡಿ. ಎರಡೂ ಕಡೆಯಿಂದ ಬೇರೆ ಬೇರೆಯಾಗಿ ಇಟ್ಟು ನೋಡಿ. ಗೋಲಿ ಯಾವಾಗಲೂ ಒಂದೇ ಕಡೆಗೆ ಓಡಿದರೆ ಆ ಕಡೆ ತಗ್ಗು.

5. ಅಂಟಿಸುವ ಮೊದಲು ಗುಂಡುಸೂಜಿಯಲ್ಲಿ ನಿಲ್ಲಿಸಿ ಹತ್ತು ಸುತ್ತು ಓಡಿಸಿ. ಎಲ್ಲ ಬೋಗಿ ಕಟ್ಟಿ, ಎರಡೂ ದಿಕ್ಕಿನಲ್ಲಿ, ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ. ಎಲ್ಲಿ ಗಾಲಿ ಜಾರುತ್ತದೋ ಅಲ್ಲಿ ಒಂದು ರಟ್ಟು ತೆಗೆಯಿರಿ. ಹತ್ತೂ ಸುತ್ತು ಗೆದ್ದ ಮೇಲೆಯೇ ಅಂಟು.

6. ಓಡಿಸುವಾಗ ಏರಿನ ಮೊದಲು ಗುಂಡಿಯನ್ನು ಸ್ವಲ್ಪ ಹೆಚ್ಚಿಸಿ. ಸಂಕ ದಾಟಿದ ಕೂಡಲೇ ತಗ್ಗಿಸಿ, ಯಾಕೆಂದರೆ ಇಳಿಯುವಾಗ ಬೋಗಿಗಳೇ ಎಂಜಿನ್ನನ್ನು ದೂಡುತ್ತವೆ. ಘಾಟಿಯ ಚಾಲಕರಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕಾಗುವುದು ಇದರಿಂದಲೇ.

ಮನೆಯ ಹಿರಿಯರಿಗೆ

ನಮ್ಮ ಕರಾವಳಿಯ ಮಳೆಗಾಲವನ್ನು ಮರೆಯಬೇಡಿ. ಆಟಿಯ ತೇವಕ್ಕೆ ಪ್ಲೈವುಡ್ ಉಬ್ಬಿ ಬಾಗುತ್ತದೆ. 3 ಮಿ.ಮೀ. ಬಾಗಿದರೂ ಒಂದು ಸ್ಕೇಲಿನ ಏರು ಶೇಕಡಾ ಒಂದರಷ್ಟು ಬದಲಾಯಿತು. ಬೇಸಗೆಯಲ್ಲಿ ಹತ್ತಿದ ರೈಲು ಸೋಣೆಯಲ್ಲಿ ನಿಂತರೆ ಮಕ್ಕಳನ್ನು ಗದರಿಸಬೇಡಿ, ಹಲಗೆಯನ್ನು ಅಳೆಯಿರಿ. ಈಗಲೇ ಪ್ಲೈವುಡ್ಡಿನ ಎರಡೂ ಮುಖಕ್ಕೆ, ಅಂಚಿಗೆ ಆಯಿಲ್ ಪೇಂಟ್ ಬಳಿಯಿರಿ. ಹಸಿ ಗೋಡೆಗೆ ಒರಗಿಸಿ ಇಡಬೇಡಿ. ಗುಡುಗು ಸಿಡಿಲಿನ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನ ಪ್ಲಗ್ಗು ಗೋಡೆಯಿಂದ ಹೊರಗಿರಲಿ.

ಇನ್ನೊಂದು ಮಾತು. ಆಟಿಕೆ ನಿಂತ ಕೂಡಲೇ "ಹೊಸದು ತರೋಣ" ಎನ್ನುವುದೂ ಸುಲಭ, "ಅಟ್ಟಕ್ಕೆ ಹಾಕೋಣ" ಎನ್ನುವುದೂ ಸುಲಭ. ಇವೆರಡರ ನಡುವೆ ಒಂದು ಮೀಟರ್ ಹಲಗೆ, ಹತ್ತು ನೋಟ್‌ಬುಕ್ಕು ಇಟ್ಟುಕೊಂಡು ಒಂದು ಭಾನುವಾರ ಮಕ್ಕಳ ಜತೆ ಕೂತು ನೋಡಿ. ಶೇಕಡಾ ಎಂದರೇನು, ಅನುಪಾತ ಎಂದರೇನು ಎಂದು ಆಮೇಲೆ ಬೋರ್ಡಿನ ಮೇಲೆ ಬರೆದು ಹೇಳಬೇಕಾಗುವುದಿಲ್ಲ. ಬೈಂದೂರಿನ ಆ ಅಪ್ಪಯ್ಯ ಮೊನ್ನೆ ಫೋನು ಮಾಡಿದ್ದರು. ನಾಲ್ಕೂ ಬೋಗಿ ಸಂಕ ದಾಟುತ್ತಿವೆಯಂತೆ. ರಾತ್ರಿ ಊಟವಾದ ಮೇಲೆ ಗುಂಡಿ ತಿರುಗಿಸುವ ಸರದಿ ತನಗೂ ಒಂದು ಬೇಕೆಂದು ಅವರೇ ಈಗ ಕೇಳಿಕೊಳ್ಳುತ್ತಿದ್ದಾರಂತೆ.

ಈ ವಾರದ ಕೆಲಸ

ಹಲಗೆಯ ಪರೀಕ್ಷೆ ಮಾಡಿ, ಒಂದು ಅಂಚೆ ಕಾರ್ಡಿನಲ್ಲಿ ಮೂರು ಅಂಕಿಗಳನ್ನು ಬರೆದು ಕಳಿಸಿ: ಎಂಜಿನ್ ಒಂದೇ ಎಷ್ಟು ಹತ್ತಿತು, ಎರಡು ಬೋಗಿಯೊಡನೆ ಎಷ್ಟು, ಇದ್ದ ಎಲ್ಲ ಬೋಗಿಯೊಡನೆ ಎಷ್ಟು. ಯಾವ ಬಗೆಯ ರೈಲು ಎಂಬುದನ್ನೂ ಬರೆಯಿರಿ. ಬ್ರಹ್ಮಾವರದ ಹುಡುಗನಿಗೆ ಒಂದು ವಿಶೇಷ ಸೂಚನೆ: ಪರೀಕ್ಷೆಗೆ ನೋಟ್‌ಬುಕ್ಕುಗಳನ್ನು ಮಾತ್ರ ಬಳಸು, ಪಾಠಪುಸ್ತಕಗಳು ಇವತ್ತೇ ಚೀಲಕ್ಕೆ ಹೋಗಲಿ!

ಮುಂದಿನ ವಾರ ನಮ್ಮ ಹೊಳೆಗೆ ನೀರು ಬರುತ್ತದೆ, ದಂಡೆಗೆ ತೆಂಗು ಏಳುತ್ತದೆ, ಮುರಕಲ್ಲಿನ ಪುಡಿಯಿಂದ ಗುಡ್ಡೆಗೆ ಕೆಂಪು ಬಣ್ಣ ಬರುತ್ತದೆ. ಅಷ್ಟರೊಳಗೆ ಒಂದು ಮುಷ್ಟಿ ಮುರಕಲ್ಲಿನ ಪುಡಿಯನ್ನು ಜರಡಿ ಹಿಡಿದು ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳಿ.